ಬೂದಿಯ ಮೇಲೆ ಕಟ್ಟಿದ ಮನೆ: ಮೋಕ್ಲೋಸ್ ದ್ವೀಪದ ಕಥೆ

ಸಾಂತೊರಿನಿಯ ಜ್ವಾಲಾಮುಖಿ ಸಿಡಿಯಿತು, ಕ್ರೀಟ್‌ನ ಮಿನೋವನ್ ನಾಗರಿಕತೆ ಒಂದೇ ಏಟಿಗೆ ಮುಗಿದುಹೋಯಿತು. ಈ ಕಥೆಯನ್ನ ಯಾವುದಾದರೂ ಡಾಕ್ಯುಮೆಂಟರಿಯಲ್ಲಿ ನೀವೂ ಕೇಳಿರ್ತೀರಿ. ಇದು ಎಷ್ಟು ನಿಜ ಅಂತ ನೋಡೋಕೆ ಇವತ್ತು ಒಂದು ಪುಟ್ಟ ದ್ವೀಪಕ್ಕೆ ಹೋಗೋಣ.

ಗ್ರೀಸ್‌ನ ಕ್ರೀಟ್, ಅದರ ಈಶಾನ್ಯ ಕರಾವಳಿ. ಅಲ್ಲಿ ಮೋಕ್ಲೋಸ್ ಅನ್ನೋ ಮೀನುಗಾರರ ಊರು. ಊರಿನಿಂದ ಸುಮಾರು 150 ಮೀಟರ್ ದೂರದಲ್ಲಿ, ಸಮುದ್ರದೊಳಗೆ, ಅದೇ ಹೆಸರಿನ ಬೋಳು ದ್ವೀಪ. ಒಂದು ಬಿಳಿ ಚರ್ಚ್ ಇದೆ, ಪಾಳುಗೋಡೆಗಳಿವೆ. ಜನವಸತಿ ಇಲ್ಲ.

ಆದರೆ ಕಂಚಿನ ಯುಗದಲ್ಲಿ ಇದು ದ್ವೀಪವೇ ಆಗಿರಲಿಲ್ಲ! ಸಣ್ಣ ನೆಲದ ಪಟ್ಟಿಯೊಂದು ಇದನ್ನು ದಡಕ್ಕೆ ಸೇರಿಸಿತ್ತು. ಪಟ್ಟಿಯ ಎರಡೂ ಬದಿಗೆ ಹಡಗು ನಿಲ್ಲಿಸಬಹುದಿತ್ತು. ಗಾಳಿ ಒಂದು ಕಡೆಯಿಂದ ಬೀಸಿದರೆ ಇನ್ನೊಂದು ಕಡೆ ಆಸರೆ. ಆಮೇಲೆ ನೀರು ಏರಿ ಪಟ್ಟಿ ಮುಳುಗಿತು. ದಡದ ಬಂಡೆಯಲ್ಲಿ ರೋಮನ್ನರು ಕೊರೆದ ಮೀನಿನ ತೊಟ್ಟಿಗಳೂ ಇವತ್ತು ನೀರಿನಡಿ ಇವೆ.

1908ರಲ್ಲಿ ಅಮೆರಿಕದ ರಿಚರ್ಡ್ ಸೀಗರ್ ಇಲ್ಲಿ ಅಗೆದಾಗ 4,000 ವರ್ಷಕ್ಕೂ ಹಳೆಯ ಸಮಾಧಿಗಳು ಸಿಕ್ಕವು. ಒಳಗೆ ಚಿನ್ನದ ಎಲೆ, ಹೂವು, ಹಣೆಪಟ್ಟಿ, ಅಂದವಾದ ಕಲ್ಲಿನ ಪಾತ್ರೆಗಳು. ಕ್ರೀಟ್‌ನಲ್ಲಿ ಚಿನ್ನದ ಗಣಿ ಇಲ್ಲ. ಅಂದ್ರೆ ಅದು ಸಮುದ್ರ ದಾಟಿಯೇ ಬಂದಿರಬೇಕು.

ಈಗ ಜ್ವಾಲಾಮುಖಿಗೆ ಬರೋಣ. 1939ರಲ್ಲಿ ಸ್ಪಿರಿಡಾನ್ ಮರಿನಾಟೋಸ್ ಅನ್ನೋ ಗ್ರೀಕ್ ವಿದ್ವಾಂಸ, ಕ್ರೀಟ್‌ನ ನಾಶಕ್ಕೆ ಆ ಸ್ಫೋಟವೇ ಕಾರಣ ಅಂತ ವಾದಿಸಿದರು. ಸರಿ 50 ವರ್ಷದ ನಂತರ, 1989ರಲ್ಲಿ, ಜೆಫ್ರಿ ಸೋಲ್ಸ್ ಮತ್ತು ಕೋಸ್ಟಿಸ್ ದವಾರಸ್ ಮೋಕ್ಲೋಸ್‌ನಲ್ಲಿ ಮತ್ತೆ ಅಗೆತ ಶುರು ಮಾಡಿದರು. ಒಂದು ಮನೆಯ ನೆಲದ ಕೆಳಗೆ ಸಾಂತೊರಿನಿಯ ಬೂದಿಯ ಪದರ ಸಿಕ್ಕಿತು. ಗಮನಿಸಿ, ನೆಲದ ಮೇಲೆ ಅಲ್ಲ, ಕೆಳಗೆ.

ಅಂದ್ರೆ ಬೂದಿ ಬಿದ್ದ ಮೇಲೂ ಜನ ಇದ್ದರು, ಅದರ ಮೇಲೇ ಹೊಸ ಮನೆ ಕಟ್ಟಿದರು. ಮಡಕೆಗಳ ಶೈಲಿ ನೋಡಿದರೆ ಕನಿಷ್ಠ ಒಂದೆರಡು ತಲೆಮಾರು ಬಾಳಿದರು. ಊರು ನಾಶವಾದದ್ದು ಕ್ರಿ.ಪೂ. 1450ರ ಸುಮಾರಿಗೆ. ಸ್ಫೋಟದಿಂದ ಪೆಟ್ಟು ಬಿದ್ದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ "ಒಂದೇ ಏಟಿಗೆ" ಅನ್ನೋ ಮಾತು ಈ ಪದರದ ಮುಂದೆ ನಿಲ್ಲಲ್ಲ.

ದುರಂತದಲ್ಲಿ ಯಾರು ಸತ್ತರು ಅಂತ ಎಲ್ಲರೂ ಕೇಳ್ತಾರೆ. ಮಾರನೇ ದಿನ ಯಾರು ಕಲ್ಲು ಹೊತ್ತರು ಅಂತ ಕೇಳೋರು ಕಡಿಮೆ. ನನಗೆ ಮೋಕ್ಲೋಸ್ ಇಷ್ಟ ಆಗೋದು ಈ ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೆ ಅಂತ. ಮತ್ತೆ ಸಿಗೋಣ.