ಸೇತುವೆಗೆ ಮುಂಚಿನ ಹೊಳೆ

ಪ್ರಿಯ ಶಿಷ್ಯರೇ, ಹರಿಹರದ ತುಂಗಭದ್ರಾ ಸೇತುವೆ ಪೂರ್ಣಗೊಂಡದ್ದು 1868ರಲ್ಲಿ, ಕಮಾನುಗಳು 14, ಒಂದೊಂದರ ಹರವು 60 ಅಡಿ ಎಂದು ನಿಮಗೆ ಬಾಯಿಪಾಠ ಮಾಡಿಸಿದ್ದೆ. ಅದಕ್ಕೂ ಮುಂಚೆ ಜನರು ಹೊಳೆ ದಾಟುತ್ತಿದ್ದುದು ಹೇಗೆಂದು ಹೇಳಿಕೊಡಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ತುಂಬಿದ ಹೊಳೆಗೆ ಆಗ ಹರಿಗೋಲೇ ಗತಿ. ಅದನ್ನು ನೀರಿಗೆ ಸಜ್ಜುಗೊಳಿಸುವುದೇ ಒಂದು ವಿದ್ಯೆ. ಬಿದಿರನ್ನು ಸೀಳಿ, ಬುಟ್ಟಿಯಂತೆ ದುಂಡಗೆ ಹೆಣೆದು, ಅಂಚನ್ನು ಬಿಗಿದು, ಹೊರಮೈಗೆ ತೊಗಲು ಹೊದಿಸಬೇಕು. ಒಂದು ಹೊಲಿಗೆ ಸಡಿಲಿದರೂ ನಡುನೀರಿನಲ್ಲಿ ಪ್ರಾಣಕ್ಕೆ ಸಂಚಕಾರ. ತಳ ಚಪ್ಪಟೆಯಾದ್ದರಿಂದ ಬಂಡೆಗಳ ನಡುವಿನ ತೆಳುನೀರಿನಲ್ಲೂ ತೇಲುತ್ತದೆ. ಆಕಾರ ದುಂಡಾದ್ದರಿಂದ ಹುಟ್ಟು ಹಾಕಿದಂತೆಲ್ಲ ಸುತ್ತುತ್ತದೆ. 16ನೆಯ ಶತಮಾನದಲ್ಲಿ ಇದೇ ನದಿಯ ದಂಡೆಯ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ಸುತ್ತಾಟವನ್ನೂ, ಒಂದೊಂದು ಹರಿಗೋಲು 15-20 ಜನರನ್ನು ಹೊರುವುದನ್ನೂ ದಾಖಲಿಸಿದ್ದಾನೆ. ಕಾಲಾನಂತರ ತೊಗಲಿನ ಜಾಗಕ್ಕೆ ಡಾಂಬರು, ಪ್ಲಾಸ್ಟಿಕ್ ಹಾಳೆಗಳು ಬಂದವು.

ಸೇತುವೆಯ ಕಮಾನುಗಳನ್ನು ಎಣಿಸಿ ಬರೆದಿಟ್ಟೆವು. ಹರಿಗೋಲು ಹೆಣೆದವರ ಹೆಸರನ್ನು ಬರೆಯಲಿಲ್ಲ. ಮೇಷ್ಟ್ರಾದ ನಾನೂ ವಿಚಾರಿಸಲಿಲ್ಲ. ದಾವಣಗೆರೆ, ಹರಿಹರದ ನಿಮ್ಮ ಮನೆಗಳಲ್ಲಿ ಹಿರಿಯರಿದ್ದರೆ ದಯವಿಟ್ಟು ಇಂದೇ ಕೇಳಿ, ಬರೆದಿಡಿ. ನಾಳೆ ಕೇಳೋಣವೆಂದುಕೊಂಡೇ ನಾನು ತಡಮಾಡಿದೆ.