ರಜೆಯ ದಿನ ಮತ್ತು ರಾಣಿಬಾಗಿನ ಕಲ್ಲಾನೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನ ಮನೆಗೆ ದೀಪಾವಳಿಯ ರಜೆಯಲ್ಲಿ ಊರಿನಿಂದ ನೆಂಟರು ಬರುವುದು ಹೊಸ ಸಂಗತಿಯೇನೂ ಅಲ್ಲ. ಬಂದವರನ್ನು ಎರಡು ಕೋಣೆಯೊಳಗೇ ಕೂಡಿಸಿ ಉಂಡಿ, ಚಕ್ಕುಲಿ ತಿನ್ನಿಸಿದರೆ ಸಾಲದು. ಅವರಿಗೆ ಊರನ್ನೂ ತೋರಿಸಬೇಕು. ಕಳೆದ ವರ್ಷದ ದೀಪಾವಳಿಗೆ ಧಾರವಾಡದಿಂದ ನನ್ನ ಅಕ್ಕ ಬಂದಳು. ಅವಳೊಂದಿಗೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ನಾನು, ನನ್ನ ಮನೆಯವಳು, ಮಗ, ಸೊಸೆ, ಮೊಮ್ಮಗಳು ಸೇರಿ ಒಟ್ಟು ಹತ್ತು ಜನರಾದೆವು. ಮೊದಲನೆಯ ದಿನ ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಅಕ್ಕ ಕೇಳಿದಳು:

“ನಿಮ್ಮೂರಾಗ ನೋಡೂವಂಥಾದ್ದು ಏನೈತಿ ತೋರಸಪಾ ತಮ್ಮಾ. ಸಮುದ್ರ ಐತಿ, ಮನಿ ಮ್ಯಾಲ ಮನಿ ಅದಾವು, ಅದು ಗೊತ್ತೈತಿ. ನಮ್ಮದು ಅನ್ನೂವಂಥಾದ್ದು ಏನರ ಐತೇನು?”

ಅವಳ ಪ್ರಶ್ನೆಗೆ ಉತ್ತರ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಅದಕ್ಕೂ ಮೊದಲು ರಜೆಯ ವಿಷಯವಾಗಿ ಒಂದೆರಡು ಮಾತು. ಧಾರವಾಡದ ಕಡೆ ನಾವು ಅದನ್ನು ‘ಸೂಟಿ’ ಎನ್ನುತ್ತೇವೆ. ಮರಾಠಿಯ ‘ಸುಟ್ಟಿ’ಯೇ ಅದು. ಭಾನುವಾರದ ಸೂಟಿ ಆಕಾಶದಿಂದ ಉದುರಿದ್ದೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಹಾಗಲ್ಲ. ಮುಂಬಯಿಯ ಗಿರಣಿಗಳಲ್ಲಿ ಕೂಲಿಗಾರರಿಗೆ ನಿಶ್ಚಿತವಾದ ವಾರದ ರಜೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬ ಮಹನೀಯರು 1884ರಿಂದ ಸಭೆ ಕೂಡಿಸಿ, ಮನವಿ ಬರೆದು, ಬೆನ್ನುಹತ್ತಿದ ಮೇಲೆ 1890ರ ಜೂನ್ ತಿಂಗಳಲ್ಲಿ ಗಿರಣಿ ಮಾಲೀಕರು ಭಾನುವಾರ ಬಿಡುವು ಕೊಡಲು ಒಪ್ಪಿದರು. ನಮ್ಮವರಿಗೆ ಅದರ ಲಾಭ ಸಿಕ್ಕಿತೇ? ಗಿರಣಿಯಲ್ಲಿದ್ದವರಿಗೆ ಸಿಕ್ಕಿತು. ಆದರೆ ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಭಾನುವಾರವೆಂದರೆ ಗಿರಾಕಿ ಹೆಚ್ಚು ಬರುವ ದಿನ. ಆ ಹುಡುಗರು ಹಗಲೆಲ್ಲ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಮಳೆಗಾಲದಲ್ಲಿ ಮಂಗಳೂರಿನ ಕಡೆಯ ಉಗಿಹಡಗೂ ನಿಂತುಬಿಡುತ್ತಿದ್ದುದರಿಂದ ಅವರಿಗೆ ಊರಿನ ದಾರಿಯೇ ಮುಚ್ಚಿದಂತೆ. ಕೊಂಕಣ ರೈಲು ಪೂರ್ಣವಾಗಿ ಓಡಲು 1998ರವರೆಗೆ ಕಾಯಬೇಕಾಯಿತು. ಸಂಸಾರ ಕಟ್ಟಿಕೊಂಡು ಮಕ್ಕಳ ಕೈಹಿಡಿದು ಸಂಚಾರ ಹೋಗುವ ಭಾಗ್ಯ ನಮ್ಮವರಲ್ಲಿ ಬಹುಜನರಿಗೆ ತಡವಾಗಿಯೇ ಬಂದಿತು.

ಸಂಚಾರವೆಂದರೆ ಮೊದಲ ಹೆಸರು ರಾಣಿಬಾಗ್. ಭಾಯಖಳೆಯ ಈ ತೋಟ 1862ರಲ್ಲಿ ಪ್ರಾರಂಭವಾದದ್ದು. ಈಗ ಅದು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಹೆಸರು ಬದಲಾದರೂ ಜನರ ಬಾಯಲ್ಲಿ ರಾಣಿಬಾಗ್ ರಾಣಿಬಾಗಾಗಿಯೇ ಉಳಿದಿದೆ. ಮಕ್ಕಳೆಲ್ಲ ಓಡಿದ್ದು ಪೆಂಗ್ವಿನ್ ಪಕ್ಷಿಗಳ ಕಡೆಗೆ. ಅಕ್ಕನಿಗೆ ಮಾತ್ರ ಅವು ರುಚಿಸಲಿಲ್ಲ. “ಕರೀ ಕೋಟು ಹಾಕ್ಕೊಂಡ ವಕೀಲರಂಗ ನಿಂತಾವು” ಎಂದಳು. ಬಿಸಿಲೇರುವ ಮುಂಚೆ ನಾನು ಅವರನ್ನು ಮಗ್ಗುಲಿನ ವಸ್ತುಸಂಗ್ರಹಾಲಯದ ಅಂಗಳಕ್ಕೆ ಕರೆದುಕೊಂಡು ಹೋದೆ. 1872ರಲ್ಲಿ ತೆರೆದ ಆ ಮಂದಿರಕ್ಕೆ ಈಗ ಡಾಕ್ಟರ್ ಭಾವು ದಾಜಿ ಲಾಡ್ ಅವರ ಹೆಸರಿದೆ. ಅದರ ಹೊರಗೆ ಒಂದು ಕಲ್ಲಾನೆ ನಿಂತಿದೆ. ಅದನ್ನು ತೇಪೆ ಹಾಕಿ ಜೋಡಿಸಿದ್ದು ದೂರದಿಂದಲೇ ತಿಳಿಯುತ್ತದೆ.

ಈ ಆನೆಯ ಕಥೆ ಸ್ವಾರಸ್ಯವಾದದ್ದು. ಅದರ ಮೂಲಸ್ಥಾನ ಸಮುದ್ರದ ನಡುವಿನ ಘಾರಾಪುರಿ. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಈ ಭಾಗದ ದ್ವೀಪಗಳನ್ನು ಪಡೆದ ಪೋರ್ಚುಗೀಸರು ದೋಣಿ ಇಳಿಯುವ ಜಾಗದ ಹತ್ತಿರ ಈ ಆನೆಯನ್ನು ಕಂಡು ದ್ವೀಪಕ್ಕೇ ‘ಎಲಿಫೆಂಟಾ’ ಎಂದು ಹೆಸರಿಟ್ಟರು. 1814ರಲ್ಲಿ ಅದರ ತಲೆಯೂ ಕತ್ತೂ ಕಳಚಿ ಬಿದ್ದವು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಬೇಕೆಂದು ಯಂತ್ರ ಕಟ್ಟಿ ಎತ್ತಿದರು. ಯಂತ್ರ ಭಾರ ತಾಳಲಿಲ್ಲ. ಆನೆ ಬಿದ್ದು ಚೂರುಚೂರಾಯಿತು. ಆ ಚೂರುಗಳನ್ನು ಈ ತೋಟಕ್ಕೆ ತಂದು ಹಾಕಿದರು. 1914ರಲ್ಲಿ ಅವನ್ನು ಜೋಡಿಸಿ ನಿಲ್ಲಿಸಲಾಯಿತು. ಹಾಗೆ ಒಡೆದದ್ದರಿಂದಲೇ ಅದು ಇಲ್ಲಿ ಉಳಿಯಿತು. ಗಟ್ಟಿಯಾಗಿದ್ದರೆ ಇಂದು ಹೊರದೇಶದ ಯಾವುದೋ ಮೂಲೆಯಲ್ಲಿ ನಿಂತಿರುತ್ತಿತ್ತು.

ಮಕ್ಕಳಿಗೆ ಈ ಕಥೆ ಬಲು ಹಿಡಿಸಿತು. ಮೊಮ್ಮಗಳು ಆನೆಯನ್ನು ಒಂದು ಸುತ್ತು ಹಾಕಿ ಬಂದು, “ಅಜ್ಜಾ, ಒಡೆದವರು ಗೊತ್ತಾಯಿತು. ಮಾಡಿದವರು ಯಾರು?” ಎಂದಳು.

ನನ್ನ ಮಗ ಪಕ್ಕದಲ್ಲೇ ನಿಂತಿದ್ದ. ಅವನು ನನ್ನ ಮುಖ ನೋಡಲಿಲ್ಲ. ಆನೆಯ ಕಾಲನ್ನು ನೋಡಿದ. ನನಗೆ ಒಡನೆ ಮಾತು ಹೊರಡಲಿಲ್ಲ. ಇದಕ್ಕೆ ಕಾರಣವುಂಟು.

ಅವನು ಐದನೆಯ ಇಯತ್ತೆಯಲ್ಲಿದ್ದಾಗ ನಾನು ಅವನನ್ನು ಘಾರಾಪುರಿಗೆ ಕರೆದುಕೊಂಡು ಹೋಗಿದ್ದೆ. ಆ ಮಹಾಮೂರ್ತಿಯ ಎದುರು ನಿಂತು, ಎದೆಯುಬ್ಬಿಸಿ, “ಇದೆಲ್ಲ ನಮ್ಮ ಕನ್ನಡದ ದೊರೆ ಪುಲಕೇಶಿ ಮಾಡಿಸಿದ್ದು” ಎಂದಿದ್ದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲೋ ಅರ್ಧ ಓದಿದ್ದೆ. ಉಳಿದರ್ಧವನ್ನು ಅಭಿಮಾನ ತುಂಬಿಸಿತು. ಹುಡುಗ ಅದನ್ನೇ ಶಾಲೆಯ ನಿಬಂಧದಲ್ಲಿ ಬರೆದ. ಮಾಸ್ತರರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಇದಕ್ಕೆ ಆಧಾರವೇನೆಂದು ಕೇಳಿದರಂತೆ. ವರ್ಗದ ಹುಡುಗರು ನಕ್ಕರು. ಮನೆಗೆ ಬಂದು, “ಅಪ್ಪಾ, ನಿಮಗ ಯಾರು ಹೇಳಿದ್ರು?” ಎಂದು ಕೇಳಿದ. ತಪ್ಪಾಯಿತೆನ್ನುವುದನ್ನು ಬಿಟ್ಟು ನಾನು ಮಾಸ್ತರರಿಗೇ ಏನೂ ತಿಳಿಯದೆಂದು ಕೂಗಾಡಿದೆ. ಅಂದಿನಿಂದ ಅವನು ಕನ್ನಡನಾಡಿನ ವಿಷಯವಾಗಿ ನನ್ನನ್ನು ಏನನ್ನೂ ಕೇಳಲಿಲ್ಲ. ಕನ್ನಡ ಚೆನ್ನಾಗಿ ಆಡುತ್ತಾನೆ. ಓದುವುದನ್ನು ಅಷ್ಟಕ್ಕೇ ಬಿಟ್ಟ.

ಪರಸ್ಥಳದಲ್ಲಿ ಬಾಳುವವನಿಗೆ ತನ್ನದೆಂದು ತೋರಿಸಲು ಏನಾದರೂ ದೊಡ್ಡದು ಬೇಕೆನಿಸುತ್ತದೆ. ನಮ್ಮ ಸ್ಮರಣ ಸಂಚಿಕೆಗಳನ್ನೇ ತಿರುವಿ ನೋಡಿದರೆ, ವಿಂಧ್ಯದ ತನಕ ಇರುವ ಕಲ್ಲುಗಳೆಲ್ಲ ಕನ್ನಡಿಗರೇ ಕೆತ್ತಿದ್ದೆಂದು ಬರೆದವರು ಸಿಕ್ಕಾರು. ಅವರನ್ನು ದೂರುವ ಅಧಿಕಾರ ನನಗಿಲ್ಲ. ಆದರೆ ನಿವೃತ್ತನಾದ ಮೇಲೆ ಈ ಒಂದು ವಿಷಯವನ್ನಾದರೂ ಸರಿಯಾಗಿ ಓದಬೇಕೆಂದು ಪುಸ್ತಕಾಲಯಗಳಲ್ಲಿ ಕುಳಿತೆ.

“ಯಾರು ಮಾಡಿದರೆಂದು ಘಾರಾಪುರಿಯಲ್ಲೇ ಹೇಳುತ್ತೇನೆ” ಎಂದು ಮೊಮ್ಮಗಳಿಗೆ ಮಾತು ಕೊಟ್ಟೆ.

ಮರುದಿನ ಬುತ್ತಿ ಕಟ್ಟಿಕೊಂಡು ಅಪೋಲೋ ಬಂದರದಿಂದ ದೋಣಿ ಹತ್ತಿದೆವು. ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಹಚ್ಚಿದ ಅವಲಕ್ಕಿ. ದಾರಿ ಹತ್ತು ಕಿಲೋಮೀಟರಿನಷ್ಟು. ಒಂದು ತಾಸಿನ ಪಯಣ. ಮೆಟ್ಟಿಲು ಹತ್ತುವಾಗ ಮಂಗವೊಂದು ಅವಲಕ್ಕಿಯ ಚೀಲವನ್ನೇ ಕಸಿದುಕೊಂಡು ಹೋಯಿತು. ಅಕ್ಕ ಅದಕ್ಕೆ ಬೈದ ಬೈಗುಳವನ್ನು ಇಲ್ಲಿ ಬರೆಯತಕ್ಕದ್ದಲ್ಲ.

ದೊಡ್ಡ ಗುಹೆಯೊಳಗೆ ಕಾಲಿಟ್ಟೊಡನೆ ಎಲ್ಲರ ಮಾತೂ ನಿಂತಿತು. ಮೂರು ಮುಖದ ಆ ಸದಾಶಿವ ಮೂರ್ತಿ ಮೂರಾಳೆತ್ತರವಿದೆ. ಅದನ್ನು ಎಷ್ಟು ಸಲ ನೋಡಿದರೂ ಮೊದಲ ಸಲ ನೋಡಿದಂತೆಯೇ ಆಗುತ್ತದೆ. ಬಾಗಿಲ ಬಳಿಯ ನರ್ತಿಸುವ ಶಿವನ ಕೈಕಾಲುಗಳು ಮುರಿದುಹೋಗಿವೆ. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. “ನಮ್ಮ ಬಾದಾಮಿಯಾಗ ಹದಿನೆಂಟು ಕೈಯ ನಟರಾಜ ಅದಾನಲ್ಲ, ಅವನ ಅಣ್ಣ ಇದ್ದಂಗ ಅದಾನ ಇಂವ” ಎಂದಳು.

ನನಗೆ ಆಶ್ಚರ್ಯವಾಯಿತು. ಓದದೆಯೇ ಅವಳು ಹೇಳಿದ ಮಾತು ವಿದ್ವಾಂಸರ ಮಾತಿಗೆ ಹತ್ತಿರವೇ ಇತ್ತು. ಬಾದಾಮಿಯ ಮೂರನೆಯ ಗುಹೆ ಮಂಗಳೇಶನ ಶಾಸನದಿಂದ 578ರದೆಂದು ಗೊತ್ತಿದೆ. ಘಾರಾಪುರಿಯ ದೊಡ್ಡ ಗುಹೆ ಅದಕ್ಕೆ ತುಸು ಹಿಂದಿನದು, ಆರನೆಯ ಶತಮಾನದ ನಡುವಿನದು, ಎಂಬುದು ಹೆಚ್ಚಿನವರ ಅಭಿಪ್ರಾಯ. ಮಾಡಿಸಿದವರು ಕಲಚುರಿಗಳಿರಬೇಕೆನ್ನುತ್ತಾರೆ, ಕೃಷ್ಣರಾಜನೆಂಬ ಕಲಚುರಿ ಅರಸನ ಸಣ್ಣ ನಾಣ್ಯಗಳು ಈ ದ್ವೀಪದಲ್ಲಿ ಹೇರಳವಾಗಿ ಸಿಕ್ಕಿವೆ. ಕಲಚುರಿಯೆಂದ ಕೂಡಲೆ ನಮ್ಮವರು ಕಲ್ಯಾಣದ ಬಿಜ್ಜಳನನ್ನು ನೆನೆಯುತ್ತಾರೆ. ಅವನು ಹನ್ನೆರಡನೆಯ ಶತಮಾನದವನು. ಇವರು ನರ್ಮದೆಯ ಕಡೆಯವರು, ಆರುನೂರು ವರ್ಷ ಹಿಂದಿನವರು. ಗುಹೆಯ ದ್ವಾರದ ಮೇಲಿದ್ದ ಒಂದು ಶಾಸನದ ಕಲ್ಲನ್ನು ಪೋರ್ಚುಗೀಸರು ಕಿತ್ತು ತಮ್ಮ ದೊರೆಗೆ ಕಳಿಸಿದರೆಂದೂ, ಅಲ್ಲಿ ಅದನ್ನು ಓದಬಲ್ಲವರು ಸಿಗಲಿಲ್ಲವೆಂದೂ ಅವರ ಇತಿಹಾಸಕಾರ ದಿಯೋಗೊ ದೊ ಕೌತೊ ಬರೆದಿದ್ದಾನೆ. ಆ ಕಲ್ಲು ಆಮೇಲೆ ಕಾಣೆಯಾಯಿತು. ಅದಿದ್ದಿದ್ದರೆ ನನ್ನ ಮಗನ ನಿಬಂಧದ ಮೇಲೆ ಕೆಂಪು ಶಾಯಿ ಬೀಳುತ್ತಿರಲಿಲ್ಲವೋ ಏನೋ. ಯಾಕೆಂದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಹಾಗಾದರೆ ಪುಲಕೇಶಿ? ಅವನ ಸಂಬಂಧವೂ ಪೂರಾ ಸುಳ್ಳಲ್ಲ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಬರೆದ 634–35ರ ಸಂಸ್ಕೃತ ಶಾಸನವಿದೆ. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಗೆದ್ದು, ‘ಪುರಿ’ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನೆಂದು ಅದರಲ್ಲಿ ಹೇಳಿದೆ. ಆ ಪುರಿಯೇ ಈ ಘಾರಾಪುರಿ ಎಂದು ಕೆಲವರು, ಅಲ್ಲ, ಜಂಜೀರದ ಹತ್ತಿರದ ರಾಜಪುರಿ ಎಂದು ಕೆಲವರು. ಅದು ಇನ್ನೂ ತೀರ್ಮಾನವಾಗಿಲ್ಲ. ಘಾರಾಪುರಿಯೇ ಆಗಿದ್ದರೂ ಅವನು ಬರುವ ಹೊತ್ತಿಗೆ ಈ ಗುಹೆ ಸಿದ್ಧವಾಗಿ ಎರಡು ಮೂರು ತಲೆಮಾರು ಆಗಿತ್ತು. ಒಂದು ಸಂಗತಿ ಮಾತ್ರ ಮಕ್ಕಳಿಗೆಂದೇ ಬರೆದಿಟ್ಟಂತಿದೆ: ರವಿಕೀರ್ತಿ ಆ ಹಡಗುಗಳನ್ನು ಮದಿಸಿದ ಆನೆಗಳಿಗೆ ಹೋಲಿಸಿದ್ದಾನೆ.

ಇದನ್ನೆಲ್ಲ ಗುಹೆಯ ಹೊರಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಹೇಳಿದೆ. ಮುಚ್ಚುಮರೆಯಿಲ್ಲದೆ, ನಾನು ಹಿಂದೆ ತಪ್ಪು ಹೇಳಿದ್ದನ್ನೂ ಹೇಳಿದೆ. ಮಗ ಮೊಸರನ್ನ ಕಲಸುತ್ತ ಕೇಳುತ್ತಿದ್ದ, ಏನೂ ಅನ್ನಲಿಲ್ಲ. ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. “ಅಂದರ ನಮ್ಮದು ಏನೂ ಇಲ್ಲ ಅಂದಂಗಾತು” ಎಂದಳು.

“ಭಾನುವಾರ ಕಾನ್ಹೇರಿಗೆ ಹೋಗೂಣು ತಡಿಯವಾ” ಎಂದೆ.

ಕಾನ್ಹೇರಿ ಬೊರಿವಲಿಯ ಕಾಡಿನೊಳಗಿದೆ. ನೂರಕ್ಕೂ ಹೆಚ್ಚು ಗುಹೆಗಳು, ಸಾವಿರ ವರ್ಷಕ್ಕೂ ಮಿಕ್ಕಿ ಬೌದ್ಧ ಭಿಕ್ಷುಗಳು ಬಾಳಿದ ಬೆಟ್ಟ. ಒಂದೊಂದು ಗುಹೆಯ ಮುಂದೆ ಕಲ್ಲಿನ ಜಗುಲಿ, ಪಕ್ಕದಲ್ಲಿ ಮಳೆನೀರು ಹಿಡಿಯುವ ಕಲ್ಲಿನ ತೊಟ್ಟಿ. ಮಕ್ಕಳು ಗುಹೆಗಳನ್ನು ಮನೆ ಮಾಡಿಕೊಂಡು ‘ನನ್ನದು ನಿನ್ನದು’ ಎಂದು ಹಂಚಿಕೊಂಡರು. ಅದರ ಹಳೆಯ ಹೆಸರು ಕೃಷ್ಣಗಿರಿ, ಕರಿಯ ಬೆಟ್ಟ. ಇಲ್ಲಿ ಒಂಬತ್ತನೆಯ ಶತಮಾನದ ಕೆಲವು ಸಂಸ್ಕೃತ ಶಾಸನಗಳಿವೆ. ಶಕ 765ರ, ಎಂದರೆ 843–44ರ, ಶಾಸನವೊಂದರಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯ ಹೆಸರಿದೆ. ಅವನ ಮೇಲಿನ ಸಾರ್ವಭೌಮ ಯಾರು? ರಾಷ್ಟ್ರಕೂಟ ಅಮೋಘವರ್ಷ.

“ಅಮೋಘವರ್ಷ ಅಂದರ ನೃಪತುಂಗ” ಎಂದೆ.

ಅಕ್ಕ ನೆಟ್ಟಗೆ ಕುಳಿತಳು. “ನಮ್ಮ ಹುಬ್ಬಳ್ಳಿ ನೃಪತುಂಗ ಬೆಟ್ಟದ ನೃಪತುಂಗನೇನು?”

“ಅವನಽ.”

814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅರಸು. ಅವನ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಸೀಮೆಯಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದಲ್ಲಿ, ಅವನ ಕಾಲದಲ್ಲೇ ಹುಟ್ಟಿದ್ದು. ಅಲ್ಲಿ ಶ್ರೀವಿಜಯ ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನು ಕನ್ನಡವೆಂದು ಹೇಳುತ್ತಿದ್ದ ಕಾಲದಲ್ಲೇ ಇಲ್ಲಿ ಈ ಕಲ್ಲಿನ ಮೇಲೆ ಅದೇ ದೊರೆಯ ಹೆಸರು ಕೆತ್ತುತ್ತಿದ್ದರು. ಅವನು ಜೈನಧರ್ಮಕ್ಕೆ ಒಲಿದವನು, ಭಿಕ್ಷುಗಳು ಬೌದ್ಧರು, ಶಿಲಾಹಾರರು ಶೈವರು. ಯಾರ ಊಟಕ್ಕೂ ಅದರಿಂದ ತೊಂದರೆಯಾದಂತಿಲ್ಲ.

ಇನ್ನೊಂದು ಶಾಸನ ನನಗೆ ಇದಕ್ಕಿಂತ ಪ್ರಿಯವಾದದ್ದು. ಪುಲ್ಲಶಕ್ತಿಯ ಮಗ ಕಪರ್ದಿಯ ಕಾಲದ್ದು. ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಭಕ್ತ ಈ ಬೆಟ್ಟದಲ್ಲಿ ಭಿಕ್ಷುಗಳ ಧ್ಯಾನಕ್ಕೆ ಕೋಣೆ ಮಾಡಿಸಿ, ಅವರ ಬಟ್ಟೆಬರೆಗೆಂದು ನೂರು ದ್ರಮ್ಮ ನಾಣ್ಯಗಳ ನಿಧಿಯಿಟ್ಟ. ಪರವೂರಿನವನು, ಆದರೂ ಹೆಸರು ನಿಂತಿತು. ನಮ್ಮ ಸಂಘದ ಕಟ್ಟಡನಿಧಿಗೆ ನೂರು ರೂಪಾಯಿ ಕೊಡಲು ಒಂದು ತಿಂಗಳು ಯೋಚಿಸಿದ ಒಬ್ಬ ಸದಸ್ಯನನ್ನು ನಾನು ಬಲ್ಲೆ. ಅವನು ನಾನೇ.

ಮೊಮ್ಮಗಳು ಕಲ್ಲಿನ ಅಕ್ಷರವನ್ನು ಮುಟ್ಟಲು ಕೈ ಚಾಚಿದಳು. ಮುಟ್ಟಬಾರದು, ಸವೆಯುತ್ತದೆ ಎಂದು ಅವಳ ಅಪ್ಪ ತಡೆದ. ಆಮೇಲೆ ಅವಳನ್ನು ಎತ್ತಿಕೊಂಡು ದೂರದಿಂದಲೇ ಸಾಲುಗಳನ್ನು ಬೆರಳಿನಿಂದ ತೋರಿಸಿದ.

ಸಂಜೆ ಬೊರಿವಲಿ ಸ್ಟೇಷನ್ನಿನಲ್ಲಿ ಭಾನುವಾರದ ಜನಜಂಗುಳಿ. ಎರಡು ಗಾಡಿ ಬಿಟ್ಟು ಮೂರನೆಯದರಲ್ಲಿ ಹತ್ತಿ, ಹೇಗೋ ಸೀಟು ಹಿಡಿದೆವು. ಮಕ್ಕಳು ತೊಡೆಯ ಮೇಲೆ ಮಲಗಿದರು. ಅಂಧೇರಿ ದಾಟಿದ ಮೇಲೆ ಮಗ ಕೇಳಿದ: “ಅಪ್ಪಾ, ಆ ಪುರಿ ಯಾವುದು ಅಂತ ಕಡೀಗೂ ಗೊತ್ತಾಗಲೇ ಇಲ್ಲಲ್ಲ?”

“ಇನ್ನೂ ಇಲ್ಲ” ಎಂದೆ.

ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, “ಐಹೊಳೆ ಧಾರವಾಡದಿಂದ ಎಷ್ಟು ದೂರ?” ಎಂದ.

ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಹೇಳಿದಳು: “ಮುಂಜಾನೆ ಹೊಂಟರ ಊಟದ ಹೊತ್ತಿಗೆ ಮುಟ್ಟತೀವಿ. ಬ್ಯಾಸಿಗಿ ಸೂಟಿಗೆ ಎಲ್ಲಾರೂ ಬರ್ರಿ. ಬುತ್ತಿ ನಾ ಕಟ್ಟತೀನಿ.”