ಕಾರ್ಖಾನೆ ಮುಗಿಸದೆ ಬಿಟ್ಟ ಗಾಡಿ

ಹೊಸ ಬೈಕು ಮನೆಗೆ ಬಂದರೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು, ಪೆಟ್ರೋಲ್ ತುಂಬಿಸಿಕೊಂಡು ಹೊರಡುವುದು ರೂಢಿ. ಡರ್ಟ್ ಬೈಕ್ ಬಲ್ಲವರ ರೂಢಿಯೇ ಬೇರೆ. ಅವರು ಹೊಸ ಗಾಡಿಯನ್ನು ಓಡಿಸುವ ಮೊದಲು ಬಿಚ್ಚುತ್ತಾರೆ. ಹ್ಯಾಂಡಲ್ ಕೆಳಗಿನ ಬೇರಿಂಗು, ಸ್ವಿಂಗ್ ಆರ್ಮ್, ಹಿಂದಿನ ಲಿಂಕೇಜ್ ಇವುಗಳಿಗೆ ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ಕೆಸರಿಗೂ ನೀರಿಗೂ ಸಾಲುವುದಿಲ್ಲವೆಂದು ಮತ್ತೆ ಮೆತ್ತುತ್ತಾರೆ. ಮೊದಲ ಒಂದೆರಡು ಗಂಟೆಯ ಓಟದಲ್ಲೇ ಸಡಿಲವಾಗುವ ಸ್ಪೋಕ್ಸುಗಳನ್ನು ಒಂದೊಂದಾಗಿ ತಟ್ಟಿ ನೋಡಿ ಬಿಗಿ ಮಾಡುತ್ತಾರೆ. ಸ್ಪ್ರಿಂಗುಗಳನ್ನು ತಮ್ಮ ಮೈತೂಕಕ್ಕೆ ಹೊಂದಿಸುತ್ತಾರೆ. ಹತ್ತಾರು ವರ್ಷ ಈ ಹವ್ಯಾಸದಿಂದ ದೂರವಿದ್ದು ಮರಳುವವರಿಗೆ ಇದೆಲ್ಲ ಹಳೆಯ ಕಾಲದ ಉಳಿಕೆಯಂತೆ ಕಾಣಬಹುದು. ಇಷ್ಟು ದುಬಾರಿಯ, ಇಷ್ಟು ಮುಂದುವರಿದ ಯಂತ್ರಕ್ಕೂ ಸ್ಪ್ಯಾನರ್ ಹಿಡಿದೇ ಸ್ವಾಗತ ಕೋರಬೇಕೆ ಎಂಬ ಪ್ರಶ್ನೆ ಸಹಜ. ಹಿಡಿಯಲೇಬೇಕು, ಅದಕ್ಕೆ ಕಾರಣ ಚರಿತ್ರೆಯಲ್ಲಿದೆ. ನೂರು ವರ್ಷಗಳಲ್ಲಿ ಈ ಗಾಡಿಯ ಎಲ್ಲವೂ ಬದಲಾಗಿದೆ, ಆದರೆ ತಯಾರಿಕೆಯ ಕೊನೆಯ ಹಂತ ಮಾತ್ರ ಸವಾರನ ಕೈಯಲ್ಲೇ ಉಳಿದಿದೆ. ಒಂದೊಂದು ಹೊಸ ತಂತ್ರವೂ ಒಂದು ಹಳೆಯ ಕೆಲಸವನ್ನು ತೆಗೆದು, ಅದರ ಜಾಗಕ್ಕೆ ಕಣ್ಣು ಕಿವಿಗಳಿಗೆ ಅಷ್ಟು ಸುಲಭವಾಗಿ ಸಿಗದ ಮತ್ತೊಂದನ್ನು ತಂದಿದೆ.

ಮಣ್ಣಿನ ಮೇಲಿನ ಈ ಓಟದ, ಅಂದರೆ ಮೋಟೊಕ್ರಾಸ್ ಕ್ರೀಡೆಯ ಹುಟ್ಟನ್ನು 1924ರ ಮಾರ್ಚ್ 29ರಂದು ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಸ್ಕ್ರ್ಯಾಂಬಲ್ ಓಟದಿಂದ ಗುರುತಿಸುವುದು ವಾಡಿಕೆ. ಆಗ ಡರ್ಟ್ ಬೈಕ್ ಎಂಬ ವಸ್ತುವೇ ಇರಲಿಲ್ಲ. ರಸ್ತೆಯ ಬೈಕಿನ ದೀಪ, ಬೇಡದ ತಗಡು ಎಲ್ಲವನ್ನೂ ಕಳಚಿ ಗುಡ್ಡಕ್ಕೆ ಹತ್ತಿಸಿದರೆ ಅದೇ ಓಟದ ಗಾಡಿ. ಅಂದರೆ ಮೊದಲ ಡರ್ಟ್ ಬೈಕುಗಳನ್ನು ತಯಾರಿಸಿದ್ದು ಕಂಪನಿಗಳಲ್ಲ, ಸವಾರರು. ಎರಡನೇ ಮಹಾಯುದ್ಧದ ನಂತರ ಕಂಪನಿಗಳು ಇದಕ್ಕೆಂದೇ ಗಾಡಿ ಕಟ್ಟಲು ತೊಡಗಿದವು. 1957ರಲ್ಲಿ 500 ಸಿಸಿ ವರ್ಗಕ್ಕೆ, 1962ರಲ್ಲಿ 250 ಸಿಸಿ ವರ್ಗಕ್ಕೆ ವಿಶ್ವ ಚಾಂಪಿಯನ್‌ಷಿಪ್ ಬಂತು. ಆದರೂ ಗಾಡಿಯನ್ನು ತನಗೆ ಬೇಕಾದ ಹಾಗೆ ಮಾಡಿಕೊಳ್ಳುವ ಹೊಣೆ ಸವಾರನಿಂದ ಇಳಿಯಲಿಲ್ಲ. 1964 ಮತ್ತು 1965ರಲ್ಲಿ ಬಿಎಸ್‌ಎ ಗಾಡಿಯ ಮೇಲೆ 500 ಸಿಸಿ ಪಟ್ಟ ಗೆದ್ದ ಜೆಫ್ ಸ್ಮಿತ್ ಸ್ವತಃ ಆ ಕಾರ್ಖಾನೆಯ ಕೆಲಸಗಾರರಾಗಿದ್ದರು, ತಾವು ಓಡಿಸುವ ಯಂತ್ರದ ಅಭಿವೃದ್ಧಿಯಲ್ಲಿ ಪಾಲುಗೊಂಡಿದ್ದರು. ಮರುವರ್ಷ ಬಿಎಸ್‌ಎ ತೂಕ ಇಳಿಸಲೆಂದು ಟೈಟೇನಿಯಂ ಫ್ರೇಮ್ ಕಟ್ಟಿತು. ಅದು ಹಗುರವಾಗಿತ್ತು, ದುಬಾರಿಯಾಗಿತ್ತು, ಬಿರುಕು ಬಿಟ್ಟರೆ ಮೈದಾನದ ಅಂಚಿನಲ್ಲಿ ಸಾಮಾನ್ಯ ಬೆಸುಗೆಗೆ ಬಗ್ಗುತ್ತಿರಲಿಲ್ಲ. ಆ ಪ್ರಯೋಗ ಕೈಗೂಡಲಿಲ್ಲ. ಓಟದ ನಡುವೆ ರಿಪೇರಿಯಾಗದ ಗಾಡಿ ಎಷ್ಟೇ ಹಗುರವಿದ್ದರೂ ಈ ಆಟದಲ್ಲಿ ನಿಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಅದೇ 1966ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಚೆಕೊಸ್ಲೊವಾಕಿಯದ ಸಿಜೆಡ್ ಗಾಡಿಯ ಮೇಲೆ 500 ಸಿಸಿ ಪಟ್ಟ ಗೆದ್ದರು. ಆ ವರ್ಗದಲ್ಲಿ ಟೂ ಸ್ಟ್ರೋಕ್ ಇಂಜಿನ್ನಿಗೆ ದಕ್ಕಿದ ಮೊದಲ ವಿಶ್ವ ಪಟ್ಟ ಅದು. ಸಿಜೆಡ್ ಮತ್ತು ಜಾವಾ ಒಂದೇ ದೇಶದ, ಒಟ್ಟಿಗೆ ಮಾರಾಟವಾಗುತ್ತಿದ್ದ ಜೋಡಿ ಹೆಸರುಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಗಾಡಿಗಳೂ ಆ ಮನೆತನಕ್ಕೇ ಸೇರಿದವು. 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೆ ಜಾವಾ, ಯೆಜ್ಡಿಗಳ ಜೊತೆ ಬೆಳೆದ ಕನ್ನಡಿಗರಿಗೆ ಟೂ ಸ್ಟ್ರೋಕ್ ಇಂಜಿನ್ನಿನ ಗುಣವನ್ನು ವಿವರಿಸಬೇಕಿಲ್ಲ. ಅದಕ್ಕೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಗಿನ ಭಾಗಗಳಿಗೆ ಲೇಪ. ಹೆಡ್ ಮತ್ತು ಸಿಲಿಂಡರ್ ಎತ್ತಿದರೆ ಪಿಸ್ಟನ್ ಕಣ್ಣೆದುರೇ ನಿಲ್ಲುತ್ತದೆ. ರಿಂಗ್ ಸವೆದರೆ ಕಿಕ್ಕರ್ ಮೆತ್ತಗಾಗುತ್ತದೆ, ಪಿಸ್ಟನ್ ಸಡಿಲವಾದರೆ ಗಲಗಲ ಸದ್ದು ಬರುತ್ತದೆ, ಕಾರ್ಬ್ಯುರೇಟರಿನ ಜೆಟ್ ಹೊಂದಿಲ್ಲದಿದ್ದರೆ ಪ್ಲಗ್ಗಿನ ಬಣ್ಣ ಹೇಳುತ್ತದೆ. ಯಾವ ತೊಂದರೆಯೂ ಮುನ್ಸೂಚನೆ ಕೊಡದೆ ಬರುತ್ತಿದ್ದುದು ಅಪರೂಪ. ಮೂವತ್ತು ವರ್ಷಗಳ ಕಾಲ ಪ್ರಪಂಚದ ಡರ್ಟ್ ಬೈಕ್ ಸವಾರರು ಕಲಿತ ಮೆಕ್ಯಾನಿಕ್ ವಿದ್ಯೆ ಹೀಗೆ ಕೇಳಿ, ಮುಟ್ಟಿ, ಮೂಸಿ ತಿಳಿಯುವ ವಿದ್ಯೆ. ಇಂದು ಈ ಹವ್ಯಾಸಕ್ಕೆ ಮರಳುತ್ತಿರುವ ಬಹುಪಾಲು ಜನ ಆ ಶಾಲೆಯಲ್ಲೇ ಓದಿದವರು.

ಆ ಶಾಲೆಯ ಪಾಠ ಜಾರಿಯಲ್ಲಿದ್ದಾಗಲೇ ಇನ್ನೊಂದು ಬದಲಾವಣೆ ಮೊದಲಾಯಿತು, ಅದು ಇಂಜಿನ್ನಿಗೆ ಸಂಬಂಧಿಸಿದ್ದಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಅಂತರ ನೂರು ಮಿಲಿಮೀಟರಿನ ಆಸುಪಾಸಿತ್ತು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎರಡು ಶಾಕ್ ಅಬ್ಸಾರ್ಬರುಗಳ ಬದಲು ಒಂದನ್ನೇ ನಡುವೆ ಕೂರಿಸುವ ವಿನ್ಯಾಸ ಕಂಡುಹಿಡಿದರು. ಯಮಾಹಾ ಅದನ್ನು ಕೊಂಡು ಮೊನೊಶಾಕ್ ಎಂದು ಹೆಸರಿಟ್ಟಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಯಮಾಹಾ ಮೇಲೆ 250 ಸಿಸಿ ವಿಶ್ವ ಪಟ್ಟ ಗೆದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಎಲ್ಲ ಕಂಪನಿಗಳೂ ಪೈಪೋಟಿಗೆ ಬಿದ್ದು ಆ ಅಂತರವನ್ನು ಸುಮಾರು ಮುನ್ನೂರು ಮಿಲಿಮೀಟರಿಗೆ ಏರಿಸಿದವು. ಹಳ್ಳದಿಣ್ಣೆಗಳನ್ನು ತಪ್ಪಿಸಿ ಹೋಗುತ್ತಿದ್ದ ಗಾಡಿ ಅವುಗಳ ಮೇಲೆಯೇ ಹಾರಿ ಇಳಿಯತೊಡಗಿತು. ಆದರೆ ಇಷ್ಟು ಉದ್ದ ಆಡುವ ಸ್ಪ್ರಿಂಗು ಐವತ್ತೈದು ಕಿಲೋ ತೂಗುವವರಿಗೂ ತೊಂಬತ್ತು ಕಿಲೋ ತೂಗುವವರಿಗೂ ಒಂದೇ ರೀತಿ ಹೊಂದುವುದು ಸಾಧ್ಯವಿಲ್ಲ. ಹೊಲಿದು ತಂದ ಅಂಗಿಯಂತೆ ಅದನ್ನು ಮೈ ನೋಡಿಯೇ ಸರಿಪಡಿಸಬೇಕು. ಸ್ಯಾಗ್ ಅನ್ನು, ಅಂದರೆ ಸವಾರನ ತೂಕಕ್ಕೆ ಗಾಡಿ ಎಷ್ಟು ಕುಗ್ಗುತ್ತದೆಂಬುದನ್ನು, ಅಳೆಯುವ ಪದ್ಧತಿ ಅನಿವಾರ್ಯವಾದದ್ದು ಹೀಗೆ.

ಆ ಅಳತೆ ನೋಡಲು ಸರಳ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ ಹಿಂದಿನ ಚಕ್ರ ತೂಗಾಡುವಂತೆ ಮಾಡಿ, ಆಕ್ಸಲ್ಲಿನಿಂದ ಮೇಲಿನ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳೆಯಬೇಕು. ಆಮೇಲೆ ಸವಾರ ಬೂಟು, ಹೆಲ್ಮೆಟ್ಟು, ಮೈಕವಚಗಳೊಂದಿಗೆ ಗಾಡಿಯೇರಿ ಫುಟ್‌ರೆಸ್ಟಿನ ಮೇಲೆ ನಿಲ್ಲಬೇಕು, ಇನ್ನೊಬ್ಬರು ಅದೇ ಎರಡು ಗುರುತುಗಳ ನಡುವೆ ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸ ಸಾಮಾನ್ಯವಾಗಿ 100ರಿಂದ 105 ಮಿಲಿಮೀಟರಿನೊಳಗೆ ಇರಬೇಕು. ಹೆಚ್ಚಿದ್ದರೆ ಸ್ಪ್ರಿಂಗಿನ ಮೇಲಿನ ರಿಂಗನ್ನು ಬಿಗಿ ಮಾಡುವುದು, ಕಡಿಮೆಯಿದ್ದರೆ ಸಡಿಲಿಸುವುದು. ಅಳತೆ ಕೂಡಿದ ಮೇಲೆ ಸವಾರ ಇಳಿದಾಗ ಗಾಡಿ ತನ್ನ ತೂಕಕ್ಕೇ ಎಷ್ಟು ಕುಗ್ಗುತ್ತದೆಂದು ನೋಡಬೇಕು. ಮೂವತ್ತು ನಲವತ್ತು ಮಿಲಿಮೀಟರ್ ಕುಗ್ಗದೆ ನೆಟ್ಟಗೆ ನಿಂತರೆ, ಸ್ಪ್ರಿಂಗು ಆ ಸವಾರನಿಗೆ ಮೆದುವಾಯಿತು, ವಿಪರೀತ ಬಿಗಿದಿದ್ದರಿಂದ ಲೆಕ್ಕ ಸರಿಹೋಯಿತೇ ವಿನಾ ಹೊಂದಾಣಿಕೆ ಆಗಿಲ್ಲ ಎಂದರ್ಥ. ಸ್ಪ್ರಿಂಗನ್ನೇ ಬದಲಿಸಬೇಕು. ಕಾರ್ಖಾನೆಯ ಇಂಜಿನಿಯರ್ ಎಷ್ಟೇ ನಿಪುಣನಾದರೂ ಈ ಕೊನೆಯ ಅಳತೆಯನ್ನು ತೆಗೆಯಲಾರ, ಏಕೆಂದರೆ ಅದರ ಅರ್ಧಭಾಗವಾದ ಸವಾರ ಅವನ ಮುಂದೆ ಇರುವುದಿಲ್ಲ.

ಮೂರನೆಯ ತಿರುವು ಬಂದದ್ದು 1998ರ ಯಮಾಹಾ ವೈಜೆಡ್400ಎಫ್‌ನಿಂದ. ಹೊಗೆಯ ಕಾನೂನು ಬಿಗಿಯಾಗುತ್ತಿದ್ದ ಕಾಲದಲ್ಲಿ ಅದು ಫೋರ್ ಸ್ಟ್ರೋಕ್ ಇಂಜಿನ್ನನ್ನು ಮೋಟೊಕ್ರಾಸ್ ಕಣಕ್ಕೆ ಮರಳಿ ತಂದಿತು. 2001ರಲ್ಲಿ ವೈಜೆಡ್250ಎಫ್, 2002ರಲ್ಲಿ ಹೋಂಡಾ ಸಿಆರ್‌ಎಫ್450ಆರ್ ಬಂದವು. 2007ರ ನಂತರ ಹೋಂಡಾ ತನ್ನ ಟೂ ಸ್ಟ್ರೋಕ್ ಮೋಟೊಕ್ರಾಸ್ ಗಾಡಿಗಳನ್ನು ನಿಲ್ಲಿಸಿತು. 2008ರ ಸುಜುಕಿ ಆರ್‌ಎಂ-ಜೆಡ್450 ಕಾರ್ಬ್ಯುರೇಟರನ್ನು ಕಿತ್ತು ಫ್ಯೂಯೆಲ್ ಇಂಜೆಕ್ಷನ್ ಇಟ್ಟಿತು, ಆಮೇಲೆ ಕಿಕ್ಕರೂ ಹೋಗಿ ಗುಂಡಿ ಒತ್ತಿ ಸ್ಟಾರ್ಟ್ ಮಾಡುವುದು ಸಾಮಾನ್ಯವಾಯಿತು. ಜೆಟ್ ಬದಲಿಸುವ, ಆಯಿಲ್ ಬೆರೆಸುವ ಕೆಲಸ ತಪ್ಪಿತು. ಅದರ ಜಾಗಕ್ಕೆ ಬಂದದ್ದು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಅಂತರ, ಅಳೆಯುವ ಕೆಲಸ. ಮರಳಿ ಬಂದ ಸವಾರ ಇಲ್ಲಿ ಬಹಳ ಎಚ್ಚರ ವಹಿಸಬೇಕು. ರಸ್ತೆಯ ಬೈಕಿನಲ್ಲಿ ಗ್ಯಾಪ್ ಹೆಚ್ಚಾದರೆ ಟಿಕಟಿಕ ಸದ್ದು ಕೇಳುತ್ತದೆ. ಡರ್ಟ್ ಬೈಕಿನ ಹಗುರ ವಾಲ್ವುಗಳ ಅಂಚು ಮತ್ತು ಅವು ಕೂರುವ ಜಾಗ ಸವೆದಾಗ ಗ್ಯಾಪ್ ಕಡಿಮೆಯಾಗುತ್ತ ಹೋಗುತ್ತದೆ, ಆಗ ಇಂಜಿನ್ ಮೊದಲಿಗಿಂತ ನಯವಾಗಿಯೇ ಕೇಳಿಸುತ್ತದೆ. ಸ್ಟಾರ್ಟ್ ಆಗಲು ಸತಾಯಿಸಿದಾಗ ಮಾತ್ರ ಸುಳಿವು ಸಿಗುತ್ತದೆ, ಅಷ್ಟರಲ್ಲಿ ತಡವಾಗಿರಬಹುದು. ಈ ಸವೆತವನ್ನು ಹೆಚ್ಚಿಸುವುದು ಏರ್ ಫಿಲ್ಟರ್ ದಾಟಿ ಬಂದ ಧೂಳು. ಆದ್ದರಿಂದ ಸ್ಪಂಜಿನ ಫಿಲ್ಟರನ್ನು ತೊಳೆದು, ಹರಿಯದಂತೆ ಹಿಂಡಿ, ಒಣಗಿಸಿ, ಫಿಲ್ಟರ್ ಆಯಿಲ್ ಎಲ್ಲ ಕಡೆ ಒಂದೇ ಸಮನೆ ಹಿಡಿಯುವಂತೆ ನಾದಿ, ಅಂಚಿಗೆ ಗ್ರೀಸ್ ಹಚ್ಚಿ ಕೂರಿಸುವ ಹಳೆಯ ಕೆಲಸದ ಬೆಲೆ ಈಗ ಇಮ್ಮಡಿಯಾಗಿದೆ. ಕಿವಿ ಮೋಸಹೋಗುವ ಕಡೆ ಲೆಕ್ಕ ಕಾಯಬೇಕು. ಕಂಪನಿಗಳ ಕೈಪಿಡಿಗಳು ಸರ್ವಿಸನ್ನು ಕಿಲೋಮೀಟರಿನಲ್ಲಿ ಹೇಳದೆ ಗಂಟೆಗಳಲ್ಲಿ, ಓಟಗಳಲ್ಲಿ ಹೇಳುವುದು ಇದಕ್ಕೇ, ಸವಾರರು ಅವರ್ ಮೀಟರ್ ಕಟ್ಟಿ ಪುಸ್ತಕ ಬರೆದಿಡುವುದೂ ಇದಕ್ಕೇ.

ಇದೆಲ್ಲ ಬಿಡಿಭಾಗ ಮಾರುವ ಕಂಪನಿಗಳ ಹುನ್ನಾರ ಎಂಬ ಆಕ್ಷೇಪವಿದೆ. ರಸ್ತೆಯ ಬೈಕು ಸಾವಿರಾರು ಕಿಲೋಮೀಟರ್ ತಕರಾರಿಲ್ಲದೆ ಓಡುವಾಗ, ಇದಕ್ಕೆ ಮಾತ್ರ ಕೆಲವೇ ಗಂಟೆಗಳಿಗೆ ಆಯಿಲ್, ಹತ್ತಾರು ಗಂಟೆಗಳಿಗೆ ಪಿಸ್ಟನ್ ಏಕೆ? ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಕೈಪಿಡಿಯ ಗಡುವುಗಳು ಪಂದ್ಯದ ಓಟಕ್ಕೆ ಬರೆದವು, ನಿಧಾನವಾಗಿ ಕಾಡುದಾರಿ ಸುತ್ತುವವರು ಅಳೆದು ನೋಡಿ ಅವನ್ನು ಹಿಗ್ಗಿಸಬಹುದು. ಆದರೆ ಸುಮಾರು 110 ಕಿಲೋ ತೂಕದ 450 ಸಿಸಿ ಗಾಡಿಯಿಂದ ಐವತ್ತಕ್ಕೂ ಮೀರಿದ ಅಶ್ವಶಕ್ತಿ ತೆಗೆಯಬೇಕಾದರೆ ಪಿಸ್ಟನ್ನು ಗಿಡ್ಡವಾಗಿ, ಹಗುರವಾಗಿ ಇರಲೇಬೇಕು, ಹೆಚ್ಚು ಆಯಿಲ್ ಹಿಡಿಯುವ ಜಾಗವೂ ಇಂಜಿನ್ನಿನೊಳಗೆ ಇರುವುದಿಲ್ಲ. ಬಾಳಿಕೆಯನ್ನು ಕೊಟ್ಟು ಹಗುರತನವನ್ನು ಪಡೆದ ವ್ಯವಹಾರ ಇದು, ಸವಾರರು ಬಯಸಿ ಒಪ್ಪಿದ್ದು. ಒಪ್ಪದವರಿಗೆ ದಾರಿ ಮುಚ್ಚಿಯೂ ಇಲ್ಲ: ಯಮಾಹಾ, ಕೆಟಿಎಂ ಇಂದಿಗೂ ಟೂ ಸ್ಟ್ರೋಕ್ ಗಾಡಿ ಮಾರುತ್ತಿವೆ, ಅವು ಉಳಿದಿರುವ ಒಂದು ಮುಖ್ಯ ಕಾರಣ ಮನೆಯ ಶೆಡ್ಡಿನಲ್ಲೇ ಬಿಚ್ಚಿ ಜೋಡಿಸಬಹುದಾದ ಆ ಸರಳತೆ. ವಿದ್ಯುತ್ ಗಾಡಿ ಬಂದರೆ ಈ ಪದ್ಧತಿಯೇ ಮುಗಿಯಿತು ಎನ್ನುವವರೂ ಇದ್ದಾರೆ. ಪಿಸ್ಟನ್, ವಾಲ್ವ್, ಏರ್ ಫಿಲ್ಟರ್ ಹೋಗುತ್ತವೆ, ನಿಜ. ಆದರೆ ಚೈನು, ಸ್ಪೋಕ್ಸು, ಬೇರಿಂಗು, ಮುನ್ನೂರು ಮಿಲಿಮೀಟರಿನ ಆಟ ಇವು ಉಳಿಯುತ್ತವೆ. 1973ರಲ್ಲಿ ತೊಡಗಿದ ಅಧ್ಯಾಯಕ್ಕೆ ಇಂಜಿನ್ನಿನ ಹಂಗಿಲ್ಲ.

ಗಾಡಿಯನ್ನು ಮುಗಿಸುವವನು ಸವಾರನೇ ಎಂಬುದನ್ನು ನಮ್ಮ ನೆಲದ ಉದಾಹರಣೆಯೂ ಹೇಳುತ್ತದೆ. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು, 2019ರಲ್ಲಿ ಇದೇ ಊರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಅವರ ನಂತರ ಮಣ್ಣಿಗಿಳಿದವರು ಹಲವರು. ಆದರೆ ಮೋಟೊಕ್ರಾಸ್ ಕಣಕ್ಕೆಂದೇ ಕಟ್ಟಿದ ಆಮದು ಗಾಡಿಗಳನ್ನು ಇಲ್ಲಿ ರಸ್ತೆಗೆ ನೋಂದಾಯಿಸಲಾಗದು, ಬೆಲೆಯೂ ದುಬಾರಿ. ಆದ್ದರಿಂದ 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರಂಥ ರಸ್ತೆಯ ಬೈಕನ್ನೇ ಕೊಂಡು, ಕನ್ನಡಿ ಕಳಚಿ, ಉದ್ದದ ಫೋರ್ಕು ಮತ್ತು ಶಾಕ್ ಅಬ್ಸಾರ್ಬರ್ ಇರುವ ರ‍್ಯಾಲಿ ಕಿಟ್ ಜೋಡಿಸಿಕೊಳ್ಳುವವರು ಇದ್ದಾರೆ. 1924ರಲ್ಲಿ ಇಂಗ್ಲಿಷ್ ಸವಾರರು ಹಿಡಿದ ದಾರಿಯೂ ಇದೇ.

ಹಾಗಾಗಿ ವರ್ಷಗಳ ನಂತರ ಮರಳುವವರಿಗೆ ಈ ಚರಿತ್ರೆ ಕೊಡುವ ಸಲಹೆ ಎರಡು ಭಾಗದ್ದು. ಕೈಗೆ ಅಂಟಿದ ಹಳೆಯ ಶಿಸ್ತನ್ನು ಪೂರ್ತಿಯಾಗಿ ನಂಬಬೇಕು: ಮೊದಲು ಗ್ರೀಸ್, ಆಮೇಲೆ ಸ್ಪೋಕ್ಸ್, ಪ್ರತಿ ಧೂಳಿನ ಓಟದ ನಂತರ ಫಿಲ್ಟರ್. ಕಿವಿಯ ಹಳೆಯ ಅನುಭವವನ್ನು ಮಾತ್ರ ಅರ್ಧ ನಂಬಿ, ಉಳಿದರ್ಧಕ್ಕೆ ಗ್ಯಾಪ್ ಅಳೆಯುವ ಫೀಲರ್ ಗೇಜು, ಅಳತೆಪಟ್ಟಿ, ಗಂಟೆಯ ಲೆಕ್ಕಗಳನ್ನು ಇಟ್ಟುಕೊಳ್ಳಬೇಕು. ಕಾರ್ಖಾನೆ ಮುಗಿಸದೆ ಬಿಟ್ಟದ್ದನ್ನು ಕೊರತೆಯೆಂದು ಬಗೆಯುವವರಿಗೆ ಡರ್ಟ್ ಬೈಕು ಸದಾ ರೇಜಿಗೆ. ಅದನ್ನು ತನ್ನ ಪಾಲಿನ ಕೆಲಸವೆಂದು ಒಪ್ಪಿಕೊಂಡವರಿಗೆ, ತನ್ನ ತೂಕಕ್ಕೆ, ತನ್ನ ನೆಲಕ್ಕೆ ಸರಿಯಾಗಿ ಹೊಂದಿದ ಗಾಡಿ ಸಿಗುತ್ತದೆ. ಅಂಥ ಗಾಡಿ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.